ಹಳೇ ಕರ್ನಲ್‌ಗೆ ಬರೆದಿಟ್ಟ ಚೀಟಿ

ಕೇಳುಗರಿಗೆಲ್ಲ ನಮಸ್ಕಾರ. ಪ್ರೋಗ್ರಾಮ್ ಬದಲಾಯಿಸೋದು ದೊಡ್ಡ ವಿಷ್ಯ ಅಲ್ಲ, ಹಳೇದು ತೆಗೆದು ಹೊಸದು ಹಾಕಿದ್ರಾಯ್ತು. ಆದ್ರೆ ಡಿಸ್ಕ್ ಮೇಲೆ ಬರೆದದ್ದು ಹಾಗೇ ಕೂತಿರತ್ತಲ್ಲ, ಮತ್ತೆ ಆ ಡಿಸ್ಕನ್ನ ನಾಳೆ ಕಿತ್ತು ಯಾವ ಓಬೀರಾಯನ ಕಾಲದ ಮಷೀನಿಗೆ ಸಿಕ್ಕಿಸ್ತಾರೋ ಯಾರಿಗ್ಗೊತ್ತು.

ಡಿಸ್ಕ್ ಮೇಲೆ ಫೈಲುಗಳನ್ನ ಜೋಡಿಸಿಡೋ ಕ್ರಮಕ್ಕೆ ಫೈಲ್‌ಸಿಸ್ಟಮ್ ಅಂತಾರೆ. ಲಿನಕ್ಸಿನ ಇಎಕ್ಸ್‌ಟಿ ಫೈಲ್‌ಸಿಸ್ಟಮ್ ಮಾಡಿದವ್ರು ಇದಕ್ಕೊಂದು ಉಪಾಯ ಮಾಡಿದಾರೆ, ನಂಗಂತೂ ಭಾಳ ಇಷ್ಟ. ಮೊದಲ 1024 ಬೈಟ್ ಬಿಟ್ರೆ ಸೂಪರ್‌ಬ್ಲಾಕ್, ಅಂದ್ರೆ ಆ ಫೈಲ್‌ಸಿಸ್ಟಮ್ಮಿನ ವಿವರ ಬರೆದಿಟ್ಟ ಭಾಗ, ಸಿಗತ್ತೆ, ಅದ್ರಲ್ಲಿ ಫೀಚರ್‌ಗಳಿಗೆ ಅಂತ ಮೂರು ಜಾಗ, ಒಂದೊಂದು ಫೀಚರ್‌ಗೆ ಒಂದೊಂದು ಬಿಟ್. ಒಂದು ಜಾಗದಲ್ಲಿ ಗೊತ್ತಿಲ್ಲದ ಬಿಟ್ ಕಂಡ್ರೆ ಹಳೇ ಕರ್ನಲ್, ಅಂದ್ರೆ ಲಿನಕ್ಸಿನ ತಿರುಳಿನ ಪ್ರೋಗ್ರಾಮ್, ತಲೆ ಕೆಡಿಸ್ಕೊಳ್ದೆ ಓದಬಹುದು ಬರೀಬಹುದು, ಇನ್ನೊಂದರಲ್ಲಿ ಕಂಡ್ರೆ ಓದ್ಕೋಬಹುದು ಅಷ್ಟೇ, ಮೂರನೇದ್ರಲ್ಲಿ ಕಂಡ್ರೆ ಮೌಂಟೇ ಮಾಡಂಗಿಲ್ಲ, ಡಿಸ್ಕನ್ನ ಬಳಕೆಗೆ ತೆರೆಯೋ ಹಾಗೇ ಇಲ್ಲ. ಅಂದ್ರೆ ಇನ್ನೂ ಹುಟ್ಟದೇ ಇರೋ ಫೀಚರ್ ಎದುರಾದ್ರೆ ಏನ್ಮಾಡ್ಬೇಕು ಅಂತ ಹಳೇ ಕೋಡಿಗೆ ಮೊದಲೇ ಹೇಳಿಕೊಟ್ಟಂಗೆ!

2001ರಲ್ಲಿ ಇಎಕ್ಸ್‌ಟಿ2ರ ಮುಂದಿನ ಆವೃತ್ತಿ ಇಎಕ್ಸ್‌ಟಿ3 ಜರ್ನಲ್ ತಂತು, ಅಂದ್ರೆ ಬದಲಾವಣೆನ ಮೊದಲು ಒಂದು ಕಡೆ ಬರೆದಿಟ್ಟು ಆಮೇಲೆ ಅದರ ಜಾಗಕ್ಕೆ ಹಾಕೋ ದಾಖಲೆ. ಆ ಜರ್ನಲ್ ಡಿಸ್ಕ್ ಮೇಲೆ ಬರೀ ಒಂದು ಫೈಲು, ಹಾಗಾಗಿ ಅದರ ಬಿಟ್ ನಿರಪಾಯದ ಮೊದಲನೇ ಜಾಗಕ್ಕೆ ಹೋಯ್ತು, ಸರಿಯಾಗಿ ಅನ್‌ಮೌಂಟ್ ಮಾಡಿದ್ರೆ ಅದೇ ಡಿಸ್ಕನ್ನ ಇಎಕ್ಸ್‌ಟಿ2 ಅಂತ್ಲೇ ಬಳಸಬಹುದಿತ್ತು. ಆದ್ರೆ ಮಧ್ಯದಲ್ಲಿ ಕರೆಂಟ್ ಹೋದ್ರೆ? ಜರ್ನಲ್ಲಲ್ಲಿರೋದು ಇನ್ನೂ ಅದರದರ ಜಾಗಕ್ಕೆ ಹೋಗಿರಲ್ಲ, ಆಗ ಹಳೇ ಕರ್ನಲ್ ಬಂದು ಬರೆದ್ರೆ ಎಲ್ಲ ಕಲಸುಮೇಲೋಗರ. ಅದಕ್ಕೇ ಮೌಂಟ್ ಆಗಿರೋವಷ್ಟು ಹೊತ್ತು "ರಿಕವರಿ ಬೇಕು" ಅನ್ನೋ ಬಿಟ್ಟನ್ನ ಮೂರನೇ ಜಾಗದಲ್ಲಿ ಏರಿಸಿಡ್ತಾರೆ, ಅನ್‌ಮೌಂಟ್ ಮಾಡೋವಾಗ ತೆಗೀತಾರೆ. ಎಂಥಾ ತಲೆ ನೋಡಿ.

2008ರ ಕೊನೆಗೆ ಇಎಕ್ಸ್‌ಟಿ4 ಸ್ಥಿರ ಅನ್ನಿಸ್ಕೊಂಡಾಗ ಎಕ್ಸ್‌ಟೆಂಟ್ ಬಂತು, ಫೈಲಿನ ಬ್ಲಾಕುಗಳ ಲೆಕ್ಕ ಇಡೋ ರೀತಿನೇ ಬೇರೆ, ಅಲ್ಲಿ ರಾಜಿ ಇಲ್ಲ, ಇಎಕ್ಸ್‌ಟಿ3ಗೆ ಬಾಗ್ಲು ಬಂದ್.

ಇಷ್ಟೆಲ್ಲ ಮಾಡಿದ್ರೂ ಒಂದು ಕಡೆ ಸಿಕ್ಕಾಕ್ಕೊಳ್ತೀವಿ. ಡಿಸ್ಕ್ ರಿಪೇರಿ ಮಾಡೋ ಎಫ್‌ಎಸ್‌ಸಿಕೆ ಇದ್ಯಲ್ಲ, ಅದಕ್ಕೆ ನಿರಪಾಯದ ಬಿಟ್ ಅರ್ಥ ಆಗ್ದಿದ್ರೂ ಕೈ ಹಾಕಲ್ಲ, ಗೊತ್ತಿಲ್ಲದ್ದನ್ನ ರಿಪೇರಿ ಮಾಡೋದು ಹೇಗೆ, ಅದೂ ನ್ಯಾಯನೇ. 2023ರಲ್ಲಿ ಬಂದ ಇಎಕ್ಸ್‌ಟಿ ಟೂಲ್‌ಗಳ 1.47 ಆವೃತ್ತಿ, ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಲ್ಲಿ ಆರ್ಫನ್ ಫೈಲ್ ಅನ್ನೋ ನಿರಪಾಯದ ಫೀಚರನ್ನ ತಾನೇ ಆನ್ ಮಾಡ್ತು. ಆ ಡಿಸ್ಕ್ ಹಳೇ ಮಷೀನಲ್ಲಿ ಮೌಂಟ್ ಆಗತ್ತೆ, ಆದ್ರೆ ಹಳೇ ಎಫ್‌ಎಸ್‌ಸಿಕೆ "ಫೀಚರ್ ಸಿ12 ಗೊತ್ತಿಲ್ಲ" ಅಂತ ನಿಂತುಬಿಡತ್ತೆ, ಹೆಸರೂ ತಿಳೀದೆ ಪಾಪ ಬಿಟ್ ನಂಬರ್ ಹೇಳತ್ತೆ. ನಿಮಗೂ ಹಂಗಾದ್ರೆ ಗಾಬರಿ ಬೇಡ, ಡಿಸ್ಕ್ ಕೆಟ್ಟಿಲ್ಲ, ಹೊಸ ಮಷೀನಿಗೆ ಒಯ್ದು ಟ್ಯೂನ್‌2ಎಫ್‌ಎಸ್ ಅನ್ನೋ ಟೂಲಿನಿಂದ ಆ ಫೀಚರ್ ಆಫ್ ಮಾಡಿ ತನ್ನಿ. ನಮಸ್ಕಾರ.