ಜಾಗತಿಕ ಪ್ರಜ್ಞೆಯ ಶೋಧ ಮತ್ತು ಯಾದೃಚ್ಛಿಕ ಅಂಕಿಗಳು

ಕೇಳುಗರಿಗೆ ನಮಸ್ಕಾರ.

ಲೋಕದ ಕೋಟ್ಯಂತರ ಜನ ಒಂದೇ ಹೊತ್ತಿನಲ್ಲಿ ಒಂದೇ ಸಂಗತಿಗೆ ಮನಸ್ಸು ಕೊಟ್ಟಾಗ ಅದರ ಗುರುತು ಜಡ ಯಂತ್ರಗಳಲ್ಲಿಯೂ ಮೂಡೀತೇ? ಈ ಪ್ರಶ್ನೆಗೆ ಅಂಕಿಗಳ ಮೂಲಕ ಉತ್ತರ ಹುಡುಕುವ ದೀರ್ಘಕಾಲದ ಪ್ರಯೋಗವೊಂದು 1998ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಆರಂಭವಾಯಿತು. ಅದರ ಹೆಸರು ಗ್ಲೋಬಲ್ ಕಾನ್ಷಿಯಸ್‌ನೆಸ್ ಪ್ರಾಜೆಕ್ಟ್, ಅಂದರೆ ಜಾಗತಿಕ ಪ್ರಜ್ಞೆಯ ಯೋಜನೆ. ಅದನ್ನು ನಡೆಸಿದವರು ಮನೋವಿಜ್ಞಾನಿ ರೋಜರ್ ನೆಲ್ಸನ್.

ಇದರ ಬೇರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದ ಡೀನ್ ಆಗಿದ್ದ ರಾಬರ್ಟ್ ಜಾನ್ ಅವರು 1979ರಲ್ಲಿ ಸ್ಥಾಪಿಸಿದ ‘ಪೇರ್’ ಎಂಬ ಪ್ರಯೋಗಾಲಯದಲ್ಲಿದೆ. ಯಾದೃಚ್ಛಿಕ ಅಂಕಿಗಳನ್ನು, ಅಂದರೆ ಯಾವ ಕ್ರಮವೂ ಇಲ್ಲದ ಅಂಕಿಗಳನ್ನು, ಹೊರಡಿಸುವ ಯಂತ್ರವೊಂದಿದೆ; ವ್ಯಕ್ತಿಯೊಬ್ಬನ ಸಂಕಲ್ಪ ಆ ಅಂಕಿಗಳನ್ನು ತುಸುವಾದರೂ ಬಾಗಿಸಬಲ್ಲದೇ ಎಂದು ಅಲ್ಲಿ ವರ್ಷಗಟ್ಟಲೆ ಪರೀಕ್ಷಿಸಲಾಯಿತು. ನೆಲ್ಸನ್ ಅಲ್ಲಿಯೇ ಕೆಲಸ ಮಾಡುತ್ತಿದ್ದರು. 1997ರ ಸೆಪ್ಟೆಂಬರ್‌ನಲ್ಲಿ, ಒಂದು ವಾರದ ಅಂತರದಲ್ಲಿ, ರಾಜಕುಮಾರಿ ಡಯಾನಾ ಅವರ ಅಂತ್ಯಕ್ರಿಯೆ ಲಂಡನ್‌ನಲ್ಲಿಯೂ ಮದರ್ ತೆರೇಸಾ ಅವರ ಅಂತ್ಯಕ್ರಿಯೆ ಕೋಲ್ಕತ್ತದಲ್ಲಿಯೂ ನಡೆದವು. ಆ ಎರಡೂ ಸಂದರ್ಭಗಳಲ್ಲಿ ನೆಲ್ಸನ್ ಮತ್ತು ಅವರ ಸಹೋದ್ಯೋಗಿಗಳು ಬೇರೆ ಬೇರೆ ಊರುಗಳಲ್ಲಿದ್ದ ಯಂತ್ರಗಳ ದತ್ತಾಂಶವನ್ನು ಒಟ್ಟುಗೂಡಿಸಿದರು. ಡಯಾನಾ ಅವರ ಅಂತ್ಯಕ್ರಿಯೆಯ ವೇಳೆಗೆ ಅಂಕಿಗಳಲ್ಲಿ ಒಂದಿಷ್ಟು ವ್ಯತ್ಯಾಸ ಕಂಡಿತು. ಮದರ್ ತೆರೇಸಾ ಅವರ ಅಂತ್ಯಕ್ರಿಯೆಯ ವೇಳೆಗೆ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಹೀಗಿದ್ದರೂ ಜಗತ್ತಿನಾದ್ಯಂತ ಹಗಲಿರುಳು ನಡೆಯುವ ಯಂತ್ರಗಳ ಜಾಲವೊಂದು ಬೇಕೆಂಬ ಆಲೋಚನೆ ಗಟ್ಟಿಯಾದದ್ದು ಆ ಹೊತ್ತಿನಲ್ಲಿಯೇ.

ಆ ಯಂತ್ರದ ಕೆಲಸ ಸರಳ. ಎಲೆಕ್ಟ್ರಾನಿಕ್ ಬಿಡಿಭಾಗವೊಂದರೊಳಗೆ ಎಲೆಕ್ಟ್ರಾನುಗಳ ಚಲನೆಯಿಂದ ಹುಟ್ಟುವ, ಮುಂಗಾಣಲು ಬಾರದ ಏರಿಳಿತವನ್ನು ಅದು ಸೊನ್ನೆ ಮತ್ತು ಒಂದುಗಳಾಗಿ ಮಾರ್ಪಡಿಸುತ್ತದೆ. ಇನ್ನೂರು ನಾಣ್ಯಗಳನ್ನು ಚಿಮ್ಮಿ ಎಷ್ಟು ತಲೆ ಬಿದ್ದವೆಂದು ಎಣಿಸಿದ ಹಾಗೆ, ಪ್ರತಿ ಸೆಕೆಂಡಿಗೆ 200 ಬಿಟ್‌ಗಳನ್ನು, ಅಂದರೆ ಇಂಥ ಸೊನ್ನೆ ಒಂದುಗಳನ್ನು, ಕೂಡಿಸಿ ಒಂದು ಸಂಖ್ಯೆಯನ್ನು ದಾಖಲಿಸುತ್ತದೆ. ಸರಾಸರಿ 100 ಬರಬೇಕು. ಸುಮಾರು 7ರಷ್ಟು ಆಚೀಚೆ ಆಗುವುದು ಸಹಜ. ಇಂಥ ಅರವತ್ತು ಎಪ್ಪತ್ತು ಯಂತ್ರಗಳು ಬೇರೆ ಬೇರೆ ದೇಶಗಳಿಂದ ತಮ್ಮ ಅಂಕಿಗಳನ್ನು ಪ್ರಿನ್ಸ್‌ಟನ್‌ಗೆ ಕಳುಹಿಸುತ್ತಿದ್ದವು. ಅರವತ್ತು ಯಂತ್ರಗಳೆಂದು ಹಿಡಿದರೂ ದಿನವೊಂದಕ್ಕೆ 50 ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು. ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಯಂತ್ರಗಳು ಮಹತ್ವದ ಘಟನೆಯೊಂದರ ಸಮಯದಲ್ಲಿ ತುಸು ಒಂದೇ ದಿಕ್ಕಿಗೆ ವಾಲುತ್ತವೆಯೇ ಎಂಬುದು ಪರೀಕ್ಷೆಯ ತಿರುಳು.

ನೆಲ್ಸನ್ ಅವರು ಅನುಸರಿಸಿದ ಮುಖ್ಯ ನಿಯಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಾವ ಘಟನೆ, ಯಾವ ಗಳಿಗೆಯಿಂದ ಯಾವ ಗಳಿಗೆಯವರೆಗೆ, ಯಾವ ಲೆಕ್ಕದ ವಿಧಾನ ಎಂಬುದನ್ನು ದತ್ತಾಂಶ ನೋಡುವ ಮುನ್ನವೇ ಬರೆದಿಡಬೇಕು. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ಅಮೆರಿಕನ್ ರಾಯಭಾರ ಕಚೇರಿಗಳ ಮೇಲೆ ನಡೆದ ಬಾಂಬ್ ದಾಳಿ ಮೊದಲ ಘಟನೆಯಾಗಿ ದಾಖಲಾಯಿತು. ಮುಂದೆ ಭೂಕಂಪಗಳು, ಚುನಾವಣೆಗಳು, ಸಾಮೂಹಿಕ ಧ್ಯಾನಗಳು, ಹೊಸ ವರ್ಷದ ಮಧ್ಯರಾತ್ರಿಗಳು ಸೇರಿ 2015ರ ಹೊತ್ತಿಗೆ 500 ಘಟನೆಗಳಾದವು. ಎಲ್ಲವನ್ನೂ ಕೂಡಿಸಿ ನೋಡಿದಾಗ, ಬರಿಯ ಆಕಸ್ಮಿಕದಿಂದ ಅಂಥ ಫಲಿತಾಂಶ ಬರುವ ಸಂಭವ ಲಕ್ಷ ಕೋಟಿಗೆ ಒಂದಕ್ಕಿಂತಲೂ ಕಡಿಮೆ ಎಂದು ಅವರು ಪ್ರಕಟಿಸಿದರು.

ಈ ಅಂಕಿ ಬೆರಗು ಹುಟ್ಟಿಸುವುದು ನಿಜ. ಆದರೆ ಅದನ್ನು ಬಿಡಿಸಿ ನೋಡಬೇಕು. ಅಂಕಿಗಳು ಸಹಜವಾಗಿ ಆಚೀಚೆ ಆಗುವುದರ ಅಳತೆಗೆ ಮಾನಕ ವಿಚಲನೆ ಎಂದು ಹೆಸರು. ಒಟ್ಟು ವ್ಯತ್ಯಾಸ ಅಂಥ ಏಳು ವಿಚಲನೆಗಳಿಗಿಂತ ಸ್ವಲ್ಪ ಹೆಚ್ಚು. ಒಂದು ಘಟನೆಯ ಪಾಲು ತಿಳಿಯಲು ಅದನ್ನು 500ರ ವರ್ಗಮೂಲದಿಂದ, ಅಂದರೆ ಸುಮಾರು 22ರಿಂದ, ಭಾಗಿಸಬೇಕು; ಆಗ ಒಂದೊಂದಕ್ಕೆ ಸರಾಸರಿ ಮೂರನೆಯ ಒಂದು ಭಾಗದಷ್ಟು ವಿಚಲನೆ ಮಾತ್ರ ದಕ್ಕುತ್ತದೆ. ಇದು ಸಹಜ ಏರಿಳಿತದೊಳಗೆ ಪೂರ್ತಿಯಾಗಿ ಮುಳುಗಿಹೋಗುವಷ್ಟು ಚಿಕ್ಕದು. ಆದ್ದರಿಂದ ಯೋಜನೆಯ ಲೆಕ್ಕವನ್ನೇ ಒಪ್ಪಿಕೊಂಡರೂ ಒಂದು ಬಿಡಿ ಘಟನೆ ಯಾವುದನ್ನೂ ಸಾಬೀತುಪಡಿಸಲಾರದು. ಏನಾದರೂ ಹೇಳಬೇಕಾದರೆ ಹಲವು ಹತ್ತು ಘಟನೆಗಳು ಒಟ್ಟಾಗಬೇಕು. ಜನರ ಬಾಯಲ್ಲಿ ಉಳಿದಿರುವುದು ಮಾತ್ರ ಒಂದೇ ಘಟನೆ, 2001ರ ಸೆಪ್ಟೆಂಬರ್ 11.

ಆ ದಿನದ ನಕ್ಷೆಯನ್ನು ಅನೇಕರು ನೋಡಿರಬಹುದು. ಗೆರೆಯೊಂದು ಬೆಟ್ಟದಂತೆ ಏರುತ್ತದೆ, ಮೊದಲ ವಿಮಾನ ಅಪ್ಪಳಿಸುವುದಕ್ಕೆ ಮುನ್ನವೇ ಯಂತ್ರಗಳಿಗೆ ಸುಳಿವು ಸಿಕ್ಕಿತ್ತೆಂಬ ಮಾತೂ ಹಬ್ಬಿದೆ. ಇಂಥ ನಕ್ಷೆಗಳಲ್ಲಿ ಪ್ರತಿ ಸೆಕೆಂಡಿನ ವ್ಯತ್ಯಾಸವನ್ನು ಹಿಂದಿನದಕ್ಕೆ ಕೂಡಿಸುತ್ತಾ ಹೋಗುತ್ತಾರೆ. ಯಾವ ಅರ್ಥವೂ ಇಲ್ಲದ ಅಂಕಿಗಳನ್ನು ಹೀಗೆ ಕೂಡಿಸಿದರೂ ದೀರ್ಘವಾದ ಏರು ಇಳಿಜಾರುಗಳು ತಾವಾಗಿಯೇ ಮೂಡುತ್ತವೆ, ಕಣ್ಣು ಅವಕ್ಕೆ ಕಾರಣ ಹುಡುಕತೊಡಗುತ್ತದೆ. ಯೋಜನೆಯ ಅಧಿಕೃತ ಪರೀಕ್ಷೆ ನಡೆದದ್ದು ಅಮೆರಿಕದ ಪೂರ್ವ ಭಾಗದ ಕಾಲಮಾನದಂತೆ ಬೆಳಗ್ಗೆ 8:35ರಿಂದ ಮಧ್ಯಾಹ್ನ 12:45ರವರೆಗಿನ 15,000 ಸೆಕೆಂಡುಗಳ ಮೇಲೆ. ಅಲ್ಲಿ ಸಿಕ್ಕ ಫಲಿತಾಂಶ ಆಕಸ್ಮಿಕವಾಗಿಯೇ ನೂರಕ್ಕೆ ಸುಮಾರು ಮೂರು ಬಾರಿ ಬರುವಂಥದ್ದು. ಎಡ್ವಿನ್ ಮೇ ಮತ್ತು ಜೇಮ್ಸ್ ಸ್ಪಾಟಿಸ್‌ವುಡ್ ಎಂಬ ಸಂಶೋಧಕರು ಅದೇ ದತ್ತಾಂಶವನ್ನು ಸ್ವತಂತ್ರವಾಗಿ ಪರಿಶೀಲಿಸಿ, ಆರಿಸಿಕೊಂಡ ಕಾಲಾವಧಿ ಅದೃಷ್ಟವಶಾತ್ ಅನುಕೂಲವಾಗಿ ಒದಗಿದ್ದೆಂದು ತೋರಿಸಿದರು. ಅವರಿಬ್ಬರೂ ಅತೀಂದ್ರಿಯ ವಿಷಯಗಳನ್ನು ತಳ್ಳಿಹಾಕುವವರಲ್ಲ, ಅದೇ ಕ್ಷೇತ್ರದಲ್ಲಿ ದುಡಿದವರು ಎಂಬುದನ್ನು ಗಮನಿಸಬೇಕು.

ಇನ್ನೊಂದು ತೊಡಕು ಯಂತ್ರದೊಳಗೇ ಇದೆ. ತಾಪಮಾನದಿಂದಲೋ ಬಿಡಿಭಾಗ ಹಳತಾಗುವುದರಿಂದಲೋ ಅಂಕಿಗಳು ಒಂದು ಕಡೆಗೆ ವಾಲದಿರಲೆಂದು, ಗೊತ್ತುಪಡಿಸಿದ ಕ್ರಮದಲ್ಲಿ ಅರ್ಧದಷ್ಟು ಬಿಟ್‌ಗಳನ್ನು ತಿರುವಿಹಾಕುವ ಏರ್ಪಾಡು ಅದರಲ್ಲಿದೆ. ಹಾಗಾದರೆ ಯಾವುದೋ ಪ್ರಭಾವ ಮೂಲ ಏರಿಳಿತವನ್ನೇ ಒಂದು ಕಡೆಗೆ ತಳ್ಳಿದರೂ ಅದು ಅಳಿಸಿಹೋಗಬೇಕಲ್ಲವೇ? ನಾಸಾದ ಖಗೋಳ ವಿಜ್ಞಾನಿ ಜೆಫ್ರಿ ಸ್ಕಾರ್ಗಲ್ ಈ ಆಕ್ಷೇಪವನ್ನು ಎತ್ತಿದರು. ನನಗೆ ಇದು ಬಹಳ ತೂಕದ ಆಕ್ಷೇಪವೆನಿಸುತ್ತದೆ.

ಯೋಜನೆಯೊಳಗಿನಿಂದಲೇ ಬಂದ ಮಾತು ಇದಕ್ಕಿಂತಲೂ ಮುಖ್ಯ. ನೆಲ್ಸನ್ ಅವರೊಡನೆ ಅನೇಕ ವರ್ಷ ಈ ದತ್ತಾಂಶವನ್ನು ವಿಶ್ಲೇಷಿಸಿದ ಭೌತವಿಜ್ಞಾನಿ ಪೀಟರ್ ಬ್ಯಾನ್ಸೆಲ್ 2017ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ವ್ಯತ್ಯಾಸ ಇದೆ ಎಂದು ಅವರು ಒಪ್ಪುತ್ತಾರೆ, ಆದರೆ ಅದು ಜಾಗತಿಕ ಪ್ರಜ್ಞೆಯೆಂಬ ಕಲ್ಪನೆಗೆ ಹೊಂದುವುದಿಲ್ಲ ಎನ್ನುತ್ತಾರೆ. ಪ್ರಯೋಗ ನಡೆಸುವವರು ಮಾಡುವ ಆಯ್ಕೆಗಳೊಂದಿಗೇ ಅದು ಹೆಣೆದುಕೊಂಡಿದೆ ಎಂಬುದು ಅವರ ಅಭಿಪ್ರಾಯ. ತಾವೇ ಹದಿನೈದಕ್ಕೂ ಹೆಚ್ಚು ವರ್ಷಗಳ ದತ್ತಾಂಶದೊಡನೆ ಹೆಣಗಿ, ಮೂಲ ಊಹೆ ನಿಲ್ಲುವುದಿಲ್ಲವೆಂದು ಬಹಿರಂಗವಾಗಿ ಬರೆಯುವುದಕ್ಕೆ ಧೈರ್ಯ ಬೇಕು, ಅದಕ್ಕೆ ನನ್ನ ಗೌರವವಿದೆ.

ಘಟನೆಗಳನ್ನು ಆರಿಸುವ ಮತ್ತು ಅವುಗಳ ಆದಿ ಅಂತ್ಯಗಳನ್ನು ಗೊತ್ತುಮಾಡುವ ಹೊಣೆಯನ್ನು ಫಲಿತಾಂಶದಲ್ಲಿ ಆಸೆಯೂ ಇಲ್ಲದ, ಅಪನಂಬಿಕೆಯೂ ಇಲ್ಲದ ಹೊರಗಿನವರಿಗೆ ವಹಿಸಿ, ಮತ್ತೆ ನೂರಾರು ಘಟನೆಗಳನ್ನು ತಾಳ್ಮೆಯಿಂದ ಪರೀಕ್ಷಿಸಿದರೆ ಆ ಏಳು ವಿಚಲನೆಗಳು ಉಳಿಯುತ್ತವೆಯೋ ಕರಗುತ್ತವೆಯೋ ತಿಳಿಯುತ್ತದೆ. ಕರಗುತ್ತವೆಂದೇ ನನ್ನ ನಿರೀಕ್ಷೆ. ಆದರೂ ಆ ಪರೀಕ್ಷೆ ನಡೆಯಬೇಕೆಂದು ನಾನು ಬಯಸುತ್ತೇನೆ.

ನಮಸ್ಕಾರ.