ಮಸಾಯಿ ಮಾರಾದ ಹಕ್ಕಿಗಳು: ಮೊದಲು ಗುರುತಿನ ಫೋಟೊ, ಆಮೇಲೆ ಚಂದದ ಫೋಟೊ

[ದೃಶ್ಯ: ಒಣ ಕೊಂಬೆಯ ತುದಿಯಲ್ಲಿ ಕೂತ ಲೈಲಾಕ್ ಬ್ರೆಸ್ಟೆಡ್ ರೋಲರ್. ಹಿಂದೆ ಹುಲ್ಲುಗಾವಲು.]

ನಮಸ್ಕಾರ. ಕೆನ್ಯಾದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಅಲ್ಲಿನ ವನ್ಯಜೀವಿ ಧಾಮವಾದ ಮಸಾಯಿ ಮಾರಾಕ್ಕೆ ಸಿಂಹ ನೋಡಲು ಹೋದವರೂ ಕ್ಯಾಮೆರಾ ತುಂಬ ಹಕ್ಕಿ ಫೋಟೊ ಹೊತ್ತು ಬರುತ್ತಾರೆ. ಊರಿಗೆ ಬಂದು ಪುಸ್ತಕ ತೆರೆದಾಗ ಮಾತ್ರ ಎಷ್ಟೋ ಹಕ್ಕಿಗಳಿಗೆ ಹೆಸರೇ ಸಿಗುವುದಿಲ್ಲ. ಫೋಟೊ ಚೆನ್ನಾಗಿಯೇ ಇರುತ್ತದೆ, ಆದರೆ ಗುರುತು ಹಿಡಿಯಲು ಬೇಕಾದ ಕಣ್ಣೋ ಬಾಲವೋ ಹೊಟ್ಟೆಯೋ ಅದರಲ್ಲಿ ಇರುವುದಿಲ್ಲ. ಆ ಭಾಗಗಳನ್ನು ತಪ್ಪದೆ ಹಿಡಿಯುವುದು ಹೇಗೆ ಅನ್ನುವುದೇ ಈ ವಿಡಿಯೋ.

[ದೃಶ್ಯ: ಎರಡು ಸ್ಟಾರ್ಲಿಂಗ್ ಹಕ್ಕಿಗಳು ಅಕ್ಕಪಕ್ಕ. ಎದೆ, ಕಣ್ಣು, ಬಾಲದ ಬುಡಕ್ಕೆ ಬಾಣದ ಗುರುತು.]

ಕ್ಯಾಂಪಿನ ಊಟದ ಮೇಜಿನ ಸುತ್ತ ಓಡಾಡುವ ಈ ಎರಡು ಹಕ್ಕಿ ನೋಡಿ. ಎರಡರ ಬೆನ್ನೂ ಹೊಳೆಯುವ ನೀಲಿ, ಎರಡರ ಹೊಟ್ಟೆಯೂ ಇಟ್ಟಿಗೆ ಬಣ್ಣ. ಎಡಗಡೆಯದು ಸೂಪರ್ಬ್ ಸ್ಟಾರ್ಲಿಂಗ್. ಅದರ ನೀಲಿ ಎದೆ ಮುಗಿದು ಹೊಟ್ಟೆ ಶುರುವಾಗುವಲ್ಲಿ ಒಂದು ತೆಳು ಬಿಳಿ ಪಟ್ಟಿ ಇದೆ, ಕಣ್ಣು ಬಿಳಿ, ಬಾಲದ ಬುಡದ ಕೆಳಗೂ ಬಿಳಿ. ಬಲಗಡೆಯದು ಹಿಲ್ಡೆಬ್ರಾಂಟ್ಸ್ ಸ್ಟಾರ್ಲಿಂಗ್. ಇದಕ್ಕೆ ಬಿಳಿ ಪಟ್ಟಿ ಇಲ್ಲ, ಕಣ್ಣು ಕೆಂಪು, ಬಾಲದ ಬುಡದ ಕೆಳಗೂ ಇಟ್ಟಿಗೆ ಬಣ್ಣವೇ.

ಬೆನ್ನಿನ ಕಡೆಯಿಂದ ಮಾತ್ರ ಫೋಟೊ ತೆಗೆದರೆ ಈ ಮೂರರಲ್ಲಿ ಎರಡು ಗುರುತು ಕಾಣುವುದೇ ಇಲ್ಲ, ಉಳಿಯುವುದು ಕಣ್ಣೊಂದೇ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಸೂಪರ್ಬ್ ಮರಿಯ ಕಣ್ಣು ಕಪ್ಪಾಗಿರುತ್ತದೆ, ಎದೆಯ ಪಟ್ಟಿಯೂ ಮಸುಕು. ಹಾಗಾಗಿ ಹಕ್ಕಿ ಕಂಡ ಕೂಡಲೇ, ಬೆಳಕು ಹಿನ್ನೆಲೆ ಯಾವುದನ್ನೂ ನೋಡದೆ, ಪಕ್ಕದಿಂದ ಮೂರ್ನಾಲ್ಕು ಫೋಟೊ ಹೊಡೆದುಬಿಡಿ. ಆಮೇಲೆ ಅದು ತಿರುಗಲಿ ಎಂದು ಕಾದು ಎದುರಿನಿಂದ ಒಂದು, ರೆಕ್ಕೆ ಬಿಚ್ಚಿದಾಗ ಒಂದು. ಚಂದದ ಫೋಟೊಗೆ ಕೋನ ಹುಡುಕುವುದು ಇದಾದ ಮೇಲಿನ ಕೆಲಸ.

[ದೃಶ್ಯ: ಮತ್ತೆ ರೋಲರ್. ಪರದೆಯ ಮೇಲೆ ಬರಹ: ಬಾಲದ ಎರಡು ಉದ್ದ ಗರಿ, ನಸುನೇರಳೆ ಎದೆ.]

ಈ ಲೈಲಾಕ್ ಬ್ರೆಸ್ಟೆಡ್ ರೋಲರ್ ನಮಗೆ ನೆಂಟ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಮತ್ತು ಇದು ಒಂದೇ ಕುಲದವು. ಮಾರಾದಲ್ಲಿ ಇದು ವರ್ಷವಿಡೀ ಇರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ವಲಸೆಯ ಕಾಲದಲ್ಲಿ ಯುರೋಪಿಯನ್ ರೋಲರ್ ಕೂಡ ಬಂದು ಸೇರಿಕೊಳ್ಳುತ್ತದೆ. ಅದರ ತಲೆಯಿಂದ ಹೊಟ್ಟೆಯವರೆಗೂ ತಿಳಿನೀಲಿ, ಬಾಲದಲ್ಲಿ ಉದ್ದ ಗರಿ ಇಲ್ಲ. ಉದ್ದ ಗರಿ ಕಾಣಲಿಲ್ಲ ಎಂದ ಮಾತ್ರಕ್ಕೆ ಯುರೋಪಿಯನ್ ಎಂದು ಬರೆದುಕೊಳ್ಳಬೇಡಿ, ಲೈಲಾಕ್ ಮರಿಗೂ ಅವು ಇರುವುದಿಲ್ಲ. ಎದೆಯ ಬಣ್ಣ ನೋಡಿಯೇ ತೀರ್ಮಾನಿಸಿ.

ಹಾರುವ ರೋಲರ್ ಬೇಕಿದ್ದರೆ ಅವಸರಪಡಬೇಡಿ. ಅದು ಕೊಂಬೆಯಿಂದ ನೆಲಕ್ಕಿಳಿದು ಹುಳು ಹಿಡಿದು ಹಲವು ಸಲ ಅದೇ ಕೊಂಬೆಗೆ ವಾಪಸ್ ಬರುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏಳುತ್ತದೆ. ಫ್ರೇಮಿನಲ್ಲಿ ಆ ಕಡೆ ಜಾಗ ಬಿಡಿ. ಶಟರ್ ವೇಗ 1/2500 ಅಥವಾ 1/3200 ಸೆಕೆಂಡ್. ಕೂತ ಹಕ್ಕಿಗೆ 1/500 ಸಾಕು.

[ದೃಶ್ಯ: ಕ್ಯಾಮೆರಾ ಪರದೆ, ಸೆಟ್ಟಿಂಗ್‌ಗಳು ಒಂದೊಂದಾಗಿ.]

ಲೆನ್ಸ್ 100-400 ಇದ್ದರೂ ನಡೆಯುತ್ತದೆ, 600 ಎಂಎಂವರೆಗೆ ಹೋಗುವ ಜೂಮ್ ಇದ್ದರೆ ಇನ್ನೂ ಒಳ್ಳೆಯದು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಪೂರ್ತಿ ತೆರೆದಿಡಿ. ಶಟರ್ ನಿಮ್ಮ ಕೈಯಲ್ಲಿರಲಿ, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋದಲ್ಲಿರಲಿ, ಮಿತಿ 6400. ಐಎಸ್‌ಒ ಹೆಚ್ಚಾದರೆ ಫೋಟೊದಲ್ಲಿ ಕಾಳು ಕಾಣುತ್ತದೆ ಅಷ್ಟೇ, ಹಕ್ಕಿ ಅಲುಗಿದರೆ ಗರಿಯ ಗೆರೆಗಳೇ ಅಳಿಸಿಹೋಗುತ್ತವೆ. ಕ್ಯಾಮೆರಾದ ರಾ (RAW) ಫೈಲಿನಲ್ಲೇ ತೆಗೆಯಿರಿ. ಕ್ಯಾಮೆರಾದ ಗಡಿಯಾರವನ್ನು ಕೆನ್ಯಾ ಸಮಯಕ್ಕೆ, ಅಂದರೆ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಕ್ಕೆ, ಮೊದಲ ದಿನವೇ ತಿರುಗಿಸಿ. ಫೋನಿನಲ್ಲಿ ಬರೆದ ಟಿಪ್ಪಣಿಯೂ ಫೋಟೊವೂ ತಾಳೆಯಾಗಬೇಕಲ್ಲ.

ಹೆಚ್ಚು ಜನ ಎಡವುವುದು ಎಕ್ಸ್‌ಪೋಷರ್‌ನಲ್ಲಿ. ಬಿಳುಚಿದ ಆಕಾಶದೆದುರು ರಣಹದ್ದು ಹಾರಿದಾಗ ಕ್ಯಾಮೆರಾ ಆಕಾಶವನ್ನು ಅಳೆದು ಹಕ್ಕಿಯನ್ನು ಕಪ್ಪು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಫೋಟೊವನ್ನು ಬೆಳಗಿಸುವ ಅಥವಾ ಕಪ್ಪಾಗಿಸುವ ಸೆಟ್ಟಿಂಗ್, +1, ಮೋಡ ತುಂಬ ಬೆಳ್ಳಗಿದ್ದರೆ +1.7 ಕೊಡಿ. ನೆರಳಿನ ಮುಂದೆ ನಿಂತ ಬೆಳ್ಳಕ್ಕಿಗೆ ಇದಕ್ಕೆ ತದ್ವಿರುದ್ಧ, -0.7ರಿಂದ -1.

[ದೃಶ್ಯ: ಒಂದೇ ರಣಹದ್ದಿನ ಎರಡು ಫೋಟೊ. ಒಂದು ಬರಿ ಕಪ್ಪು, ಇನ್ನೊಂದರಲ್ಲಿ ರೆಕ್ಕೆಯಡಿಯ ವಿನ್ಯಾಸ ಸ್ಪಷ್ಟ.]

ರಣಹದ್ದುಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ವೈಟ್ ಬ್ಯಾಕ್ಡ್ ಮತ್ತು ರುಪೆಲ್ಸ್ ಎಂಬ ಎರಡು ಜಾತಿ ರಣಹದ್ದುಗಳು ಒಂದೇ ಹೆಣದ ಮೇಲೆ ಇಳಿಯುತ್ತವೆ. ಬೆಳೆದ ವೈಟ್ ಬ್ಯಾಕ್ಡ್‌ಗೆ ಕಪ್ಪು ಕೊಕ್ಕು, ಕಪ್ಪು ಕಣ್ಣು, ಹಾರುವಾಗ ರೆಕ್ಕೆಯಡಿಯ ಮುಂಭಾಗವೆಲ್ಲ ಬಿಳಿ. ಬೆಳೆದ ರುಪೆಲ್ಸ್‌ಗೆ ದಂತದ ಬಣ್ಣದ ಕೊಕ್ಕು, ಹಳದಿ ಕಣ್ಣು, ಬೆನ್ನಿನ ಗರಿಗಳಿಗೆಲ್ಲ ತಿಳಿ ಅಂಚಿದ್ದು ಮೀನಿನ ಹುರುಪೆಯಂತೆ ಕಾಣುತ್ತದೆ. ರೆಕ್ಕೆಯಡಿಯಲ್ಲಿ ಮುಂದಿನ ಅಂಚಿಗೆ ಹತ್ತಿರ ಒಂದೇ ಒಂದು ತೆಳು ಬಿಳಿ ಗೆರೆ. ಎಳೆಯ ಹಕ್ಕಿಗಳಲ್ಲಿ ಎರಡಕ್ಕೂ ಕೊಕ್ಕು ಕಪ್ಪೇ, ಅಲ್ಲಿ ಅನುಭವಿಗಳೂ ತಡವರಿಸುತ್ತಾರೆ. ಈ ಎರಡೂ ಜಾತಿ ಅಳಿವಿನ ತೀರಾ ಅಂಚಿಗೆ ಬಂದಿವೆ. ಜಾನುವಾರು ಕೊಂದ ಸಿಂಹ, ಹೈನಾಗಳ ಮೇಲಿನ ಸಿಟ್ಟಿಗೆ ಹೆಣಕ್ಕೆ ವಿಷ ಬೆರೆಸಿದರೆ ಹಿಂಡು ಹಿಂಡಾಗಿ ಸಾಯುವುದು ಇವೇ. ಆದ್ದರಿಂದ ಯಾವ ರಣಹದ್ದು ಎಲ್ಲಿ ಕಂಡಿತು ಎಂಬ ಸ್ಪಷ್ಟ ಫೋಟೊ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ರೆಕ್ಕೆಗೆ ಅಂಕಿಯ ಬಿಲ್ಲೆ ಕಟ್ಟಿದ್ದರೆ ಅಂಕಿ ಓದುವಂತೆ ಫೋಟೊ ತೆಗೆದು ಗೈಡ್‌ಗೆ ತೋರಿಸಿ.

ಬ್ಯಾಟಲರ್ ಹದ್ದಿನಲ್ಲಂತೂ ರೆಕ್ಕೆಯಡಿ ಕಂಡರೆ ಗಂಡು ಹೆಣ್ಣನ್ನೂ ಹೇಳಬಹುದು. ಹಿಂದಿನ ಅಂಚಿನ ಕಪ್ಪು ಪಟ್ಟಿ ಅಗಲವಿದ್ದರೆ ಗಂಡು, ತೆಳುವಿದ್ದರೆ ಹೆಣ್ಣು.

[ದೃಶ್ಯ: ಛಾವಣಿ ಎತ್ತಿದ ಲ್ಯಾಂಡ್ ಕ್ರೂಸರ್, ಅಂಚಿನ ಮೇಲೆ ಬೀನ್ ಬ್ಯಾಗ್.]

ಗಾಡಿಯಲ್ಲಿ ಟ್ರೈಪಾಡ್ ಇಡಲು ಜಾಗವಿಲ್ಲ. ಲೆನ್ಸ್ ಆನಿಸಿಡುವ ಖಾಲಿ ಬೀನ್ ಬ್ಯಾಗ್ ಒಯ್ದು ಅಲ್ಲೇ ಎರಡು ಮೂರು ಕಿಲೋ ಅಕ್ಕಿಯೋ ಹುರುಳಿಯೋ ತುಂಬಿಸಿ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಮಾರಾಕ್ಕೆ ಹೋಗುವವರಿಗೆ ಸಾಮಾನ್ಯವಾಗಿ ಒಟ್ಟು ಸಾಮಾನಿನ ಮಿತಿ 15 ಕಿಲೋ. ಧೂಳಿಗೆಂದು ಪ್ಲಾಸ್ಟಿಕ್ ಚೀಲ ಒಯ್ಯಬೇಡಿ, ಕೆನ್ಯಾ 2017ರಲ್ಲೇ ಅವನ್ನು ನಿಷೇಧಿಸಿದೆ. ಹತ್ತಿಯ ದಿಂಬಿನ ಕವರ್ ಸಾಕು. ಗಾಡಿ ಓಡುವಾಗ ಲೆನ್ಸ್ ಬದಲಿಸಲೇಬೇಡಿ.

ನಿಂತ ತಕ್ಷಣ ಎಂಜಿನ್ ಆಫ್ ಮಾಡಿಸಿ. ಒಳಗಿದ್ದವರು ಅತ್ತಿತ್ತ ಕಾಲು ಬದಲಿಸಿದರೂ 600 ಎಂಎಂನಲ್ಲಿ ಫ್ರೇಮ್ ಕುಣಿಯುತ್ತದೆ. ಕೋರಿ ಬಸ್ಟರ್ಡ್‌ನಂಥ ನೆಲದ ಹಕ್ಕಿಗೆ ಛಾವಣಿಯಿಂದ ಇಳಿದು ಕಿಟಕಿಯಿಂದ ತೆಗೆಯಿರಿ, ಅದರ ಕಣ್ಣಿನ ಮಟ್ಟಕ್ಕೆ ಹತ್ತಿರವಾಗುತ್ತೀರಿ. ಹಂಚಿಕೊಂಡ ಗಾಡಿಯಾದರೆ ಹಕ್ಕಿಗೂ ನಿಲ್ಲಿಸಬೇಕೆಂದು ಹೊರಡುವ ಮುಂಚೆಯೇ ಎಲ್ಲರೊಡನೆ ಮಾತಾಡಿಕೊಳ್ಳಿ. ಕರೆಯ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಹತ್ತಿರ ಕರೆಸುವುದು ಬೇಡವೇ ಬೇಡ. ಗೂಡು ಬಿಟ್ಟು ಬರುತ್ತದೆ, ಮರಿ ಒಂಟಿಯಾಗುತ್ತದೆ.

[ದೃಶ್ಯ: ಮಧ್ಯಾಹ್ನದ ಹುಲ್ಲುಗಾವಲು, ದೂರದ ಹಕ್ಕಿ ನೀರಿನಲ್ಲಿದ್ದಂತೆ ತೇಲುತ್ತಿದೆ.]

ಸಮಭಾಜಕಕ್ಕೆ ಹತ್ತಿರವಾದ್ದರಿಂದ ವರ್ಷವಿಡೀ ಸುಮಾರು ಆರೂವರೆಗೆ ಸೂರ್ಯ ಹುಟ್ಟಿ ಬೇಗ ಮೇಲೇರುತ್ತಾನೆ. ಒಂಬತ್ತರ ಮೇಲೆ ಬೆಳಕು ಗಡುಸು. ಹತ್ತರ ಮೇಲೆ ನೆಲ ಕಾದು ಗಾಳಿ ಅಲೆಯಾಡಲು ಶುರುವಾದರೆ ಫೋಕಸ್ ಸರಿಯಿದ್ದರೂ ಗರಿ ಕಲಸಿದಂತೆ ಬರುತ್ತದೆ. ಲೆನ್ಸ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಉದ್ದದ ಲೆನ್ಸ್ ಹಾಕಿದರೆ ಅದು ಇನ್ನೂ ಹೆಚ್ಚಾಗಿ ಕಾಣುತ್ತದೆ, ಪರಿಹಾರ ಹತ್ತಿರ ಹೋಗುವುದೊಂದೇ. ಆ ಹೊತ್ತನ್ನು ಕ್ಯಾಂಪಿನ ತೋಟಕ್ಕೆ ಮೀಸಲಿಡಿ. ಸನ್‌ಬರ್ಡ್, ಗೀಜಗ, ಸ್ಟಾರ್ಲಿಂಗ್ ಎಲ್ಲ ನೆರಳಿನಲ್ಲಿ ಕೆಲವೇ ಅಡಿ ದೂರದಲ್ಲಿ ಸಿಗುತ್ತವೆ.

[ದೃಶ್ಯ: ಹುಲ್ಲಿನ ತುದಿಯಲ್ಲಿ ಸಣ್ಣ ಕಂದು ಹಕ್ಕಿ.]

ಕೊನೆಗೆ ಉಳಿಯುವುದು ಸಣ್ಣ ಕಂದು ಹಕ್ಕಿಗಳು. ಮಳೆಗಾಲದಲ್ಲಿ ಕಪ್ಪು ಮೈ, ಉದ್ದ ಬಾಲ ಹೊತ್ತು ಹುಲ್ಲಿನ ಮೇಲೆ ನೆಗೆಯುವ ಗಂಡು ಜಾಕ್ಸನ್ಸ್ ವಿಡೋಬರ್ಡ್, ಆ ಕಾಲ ಮುಗಿದ ಮೇಲೆ ಹೆಣ್ಣಿನಂತೆಯೇ ಗೆರೆಗೆರೆಯ ಕಂದು ಹಕ್ಕಿ. ಒಂದರಂತೆ ಇನ್ನೊಂದು ಕಾಣುವ ಸಿಸ್ಟಿಕೋಲಾ ಎಂಬ ಸಣ್ಣ ಹಕ್ಕಿಗಳಲ್ಲಂತೂ ಫೋಟೊಗಿಂತ ದನಿ ಮುಖ್ಯ. ಹಾಡುವಾಗ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಹುಲ್ಲುಗಾವಲೋ ಪೊದೆಯೋ ನೀರಿನ ಅಂಚೋ ಎಂದು ಬಾಯಲ್ಲೇ ಹೇಳಿ ಸೇರಿಸಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ನಲ್ಲಿ ಹೋಗುವ ದೇಶದ ಪ್ಯಾಕನ್ನು ಬೆಂಗಳೂರು ಬಿಡುವ ಮುಂಚೆಯೇ ಇಳಿಸಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಆ್ಯಪ್ ಕೊಡುವ ಹೆಸರು ಒಂದು ಸಲಹೆ ಮಾತ್ರ, ಕೊಕ್ಕು, ಕಣ್ಣು, ಬಾಲ ತಾಳೆಯಾದ ಮೇಲೆ ಒಪ್ಪಿಕೊಳ್ಳಿ.

ಹೀಗೆ ತಾಳೆ ನೋಡುವ ಕೆಲಸ ಅವತ್ತಿನ ರಾತ್ರಿಯೇ ಆಗಲಿ. ನಾಳೆ ಬೆಳಿಗ್ಗೆ ಅದೇ ಜಾಗಕ್ಕೆ ಹೋಗಿ ಬಿಟ್ಟುಹೋದ ಕೋನವನ್ನು ತೆಗೆಯಬಹುದು, ಗೈಡ್‌ನನ್ನು ಕೇಳಬಹುದು. ಆದರೂ ಬಗೆಹರಿಯದಿದ್ದರೆ ಹಕ್ಕಿ ಕಂಡದ್ದನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ 'ಯಾವುದೋ ಸಿಸ್ಟಿಕೋಲಾ' ಎಂದೇ ದಾಖಲಿಸಲು ಅವಕಾಶವಿದೆ. ಹಾಗೇ ಹಾಕಿ, ಫೋಟೊ ಮತ್ತು ದನಿ ಎರಡನ್ನೂ ಸೇರಿಸಿ.