ಮನೆಯಲ್ಲೇ ಕಟ್ಟಿದ ವಿಮಾನಕ್ಕೊಂದು ಪ್ಯಾರಾಚೂಟ್

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವಾಗ ನಿಮ್ಮಲ್ಲಿ ಹೆಚ್ಚಿನವರು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವನ್ನು ದಾಟಿಕೊಂಡೇ ಬಂದಿರುತ್ತೀರಿ. ನಾಲ್ಕು ಎಂಜಿನ್, ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್. ಇವತ್ತು ನಾನು ಮಾತಾಡುವುದು ಅದರ ಒಂದು ಚಕ್ರದ ನೆರಳಲ್ಲಿ ಅರ್ಧ ಅಡಗಬಹುದಾದ ವಿಮಾನದ ಬಗ್ಗೆ. ಅಲ್ಯೂಮಿನಿಯಂ ಟ್ಯೂಬ್, ಮೇಲೆ ಬಟ್ಟೆಯ ಹೊದಿಕೆ, ಒಂದು ಸಣ್ಣ ಎಂಜಿನ್. ಕಾರವಾರ, ಶಿರಸಿ ಕಡೆಯ ಕೆಲವು ಹುಡುಗರು ಶೆಡ್ಡಿನಲ್ಲಿ ಇಂಥದ್ದನ್ನು ಕಟ್ಟುವ ಆಸೆ ಇಟ್ಟುಕೊಂಡಿದ್ದಾರೆ ಎಂದು ಸಂಘಟಕರು ಹೇಳಿದರು. ಅವರು ಮೊದಲು ಕೇಳುವ ಪ್ರಶ್ನೆ ಎಂಜಿನ್ ಯಾವುದು ಎಂದು. ಪ್ಯಾರಾಚೂಟ್ ವಿಷಯ ಬರುವುದು ಕೊನೆಗೆ. ಎಲ್ಲ ಮುಗಿದ ಮೇಲೆ, ಜಾಗ ಉಳಿದರೆ, ದುಡ್ಡು ಉಳಿದರೆ.

ಅದು ಉಲ್ಟಾ ಆಗಬೇಕು ಅನ್ನುವುದಷ್ಟೇ ನನ್ನ ವಾದ.

ಮೊದಲು ಗೊಂದಲ ಬೇಡ. ಇದು ಪೈಲಟ್ ಬೆನ್ನಿಗೆ ಕಟ್ಟಿಕೊಂಡು ಜಿಗಿಯುವ ಪ್ಯಾರಾಚೂಟ್ ಅಲ್ಲ. ನೀವು ಸೀಟಿನಲ್ಲೇ ಕೂತಿರುತ್ತೀರಿ, ಇಡೀ ವಿಮಾನವೇ ಪ್ಯಾರಾಚೂಟಿಗೆ ನೇತುಬಿದ್ದು ಇಳಿಯುತ್ತದೆ. ಅಮೆರಿಕದ ಬೋರಿಸ್ ಪೊಪೊವ್ 1975ರಲ್ಲಿ ಹ್ಯಾಂಗ್ ಗ್ಲೈಡರ್ ಮುರಿದು ಸುಮಾರು 400 ಅಡಿ ಮೇಲಿಂದ ಒಂದು ಸರೋವರಕ್ಕೆ ಬಿದ್ದರು. ಬದುಕಿದರು. ಬೀಳುವಾಗ ಏನೂ ಮಾಡಲಾಗದೆ ಕೂತಿದ್ದ ಸಿಟ್ಟು ಅವರನ್ನು ಬಿಡಲಿಲ್ಲ. 1980ರಲ್ಲಿ ಬಿಆರ್‌ಎಸ್ ಎಂಬ ಕಂಪನಿ ಶುರು ಮಾಡಿದರು. 1983ರಲ್ಲಿ ಅವರ ಪ್ಯಾರಾಚೂಟ್ ಮೊದಲ ಜೀವ ಉಳಿಸಿತು. ಆಮೇಲೆ 1998ರಲ್ಲಿ ಸಿರಸ್ ಎಸ್‌ಆರ್20 ಎಂಬ ನಾಲ್ಕು ಸೀಟಿನ ವಿಮಾನ ಇದನ್ನು ಕಾರ್ಖಾನೆಯಲ್ಲೇ ಹಾಕಿಸಿಕೊಂಡು ಮಾನ್ಯತೆ ಪಡೆಯಿತು. ಜರ್ಮನಿಯಲ್ಲಿ ಅಲ್ಟ್ರಾಲೈಟ್ ಎಂಬ ತೀರಾ ಹಗುರ ವಿಮಾನಗಳಿಗೆ ಇದು ಕಡ್ಡಾಯ. ಅಮೆರಿಕದ ನಿಯಮದಲ್ಲಿ ಅಲ್ಟ್ರಾಲೈಟಿನ ಖಾಲಿ ತೂಕ 254 ಪೌಂಡ್, ಅಂದರೆ ಸುಮಾರು 115 ಕೆ.ಜಿ. ಮೀರುವಂತಿಲ್ಲ. ತೂಕದ ವಿಷಯದಲ್ಲಿ ಅಷ್ಟು ಕಂಜೂಸಿಯಾದ ನಿಯಮವೂ ಪ್ಯಾರಾಚೂಟಿಗೆ ಅಂತ 24 ಪೌಂಡ್ ಹೆಚ್ಚುವರಿ ಬಿಟ್ಟುಕೊಡುತ್ತದೆ. ಅದು ಹತ್ತಿರ ಹತ್ತಿರ 11 ಕೆ.ಜಿ.

ಕೆಲಸ ಮಾಡುವ ರೀತಿ ಸರಳ. ಕೈಗೆಟಕುವ ಕಡೆ ಒಂದು ಹಿಡಿ ಇರುತ್ತದೆ. ಎಳೆದರೆ ಕೇಬಲ್ ಹೋಗಿ ಸಣ್ಣ ಘನ ಇಂಧನದ ರಾಕೆಟ್ಟಿಗೆ ಕಿಡಿ ಹೊತ್ತಿಸುತ್ತದೆ. ರಾಕೆಟ್ ಡಬ್ಬದಿಂದ ಹಾರಿ, ಮಡಚಿಟ್ಟ ಬಟ್ಟೆಯನ್ನೂ ದಾರಗಳನ್ನೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಉದ್ದಕ್ಕೆ ಎಳೆದು ನಿಲ್ಲಿಸುತ್ತದೆ. ಆಮೇಲೆ ಗಾಳಿ ತುಂಬುವುದು ಗಾಳಿಯ ಕೆಲಸ. ದಾರಗಳ ಸುತ್ತ ಸ್ಲೈಡರ್ ಎಂಬ ಒಂದು ಬಳೆ ಇರುತ್ತದೆ. ವೇಗ ಜಾಸ್ತಿ ಇದ್ದರೆ ಎದುರುಗಾಳಿ ಈ ಬಳೆಯನ್ನು ಮೇಲೇ ಒತ್ತಿ ಹಿಡಿಯುತ್ತದೆ, ಬಟ್ಟೆ ಒಮ್ಮೆಲೇ ಬಿಚ್ಚಿಕೊಳ್ಳುವುದಿಲ್ಲ. ವೇಗ ಇಳಿದ ಹಾಗೆ ಬಳೆ ಕೆಳಗೆ ಜಾರುತ್ತದೆ, ಬಟ್ಟೆ ಪೂರ್ತಿ ತೆರೆಯುತ್ತದೆ. ನನಗೆ ಇಡೀ ವ್ಯವಸ್ಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಬ್ಯಾಟರಿ ಇಲ್ಲ, ಸೆನ್ಸರ್ ಇಲ್ಲ, ಒಂದು ಬಳೆ ಅಷ್ಟೇ.

ತೆರೆದ ಮೇಲೆ ಇಳಿಯುವ ವೇಗ ಸೆಕೆಂಡಿಗೆ 7 ಮೀಟರ್ ಹತ್ತಿರ. ಲೆಕ್ಕ ಹಾಕಿದರೆ ಎರಡೂವರೆ ಮೀಟರ್ ಎತ್ತರದ ಅಟ್ಟದಿಂದ ಕೆಳಗೆ ಜಿಗಿದ ಹಾಗೆ. ವಿಮಾನ ಹಾಳಾಗುತ್ತದೆ. ಸೊಂಟ ನೋಯಬಹುದು. ಎದ್ದು ನಡೆಯುವ ಸಾಧ್ಯತೆ ಒಳ್ಳೆಯದಿದೆ.

ಈಗ ಅಸಲು ವಿಷಯ. ಡಬ್ಬದೊಳಗಿನದ್ದನ್ನೆಲ್ಲ ತಯಾರಕರು ಪರೀಕ್ಷೆ ಮಾಡಿ ಕಳಿಸಿರುತ್ತಾರೆ. ಅದನ್ನು ವಿಮಾನಕ್ಕೆ ಕಟ್ಟುವ ಜಾಗವನ್ನು ಯಾರೂ ಪರೀಕ್ಷಿಸಿರುವುದಿಲ್ಲ. ಅದು ನಿಮ್ಮದು, ನೀವು ಕಟ್ಟಿದ ವಿಮಾನ. ಪ್ಯಾರಾಚೂಟ್ ತೆರೆದುಕೊಳ್ಳುವ ಹೊತ್ತಿನ ಜಗ್ಗು ವಿಮಾನದ ತೂಕದ ನಾಲ್ಕೈದು ಪಟ್ಟು ಅಂತ ಇಟ್ಟುಕೊಳ್ಳಿ. ಪೈಲಟ್ ಸೇರಿ 300 ಕೆ.ಜಿ. ಇದ್ದರೆ 1200ರಿಂದ 1500 ಕೆ.ಜಿ. ಜಗ್ಗು. ಕೂಡಲೇ ಒಬ್ಬರು ಕೇಳುತ್ತಾರೆ: ಕಾಲಿಂಚಿನ ವಿಮಾನದ ಬೋಲ್ಟ್ ಹಾಕಿದರೆ ಸಾಲದಾ ಸರ್? ಬೋಲ್ಟ್ ಸಾಕು. ಆ ಕಾಲಿಂಚಿನ ಬೋಲ್ಟ್, ಅಂದರೆ ಎಎನ್4, ಒಂದು ಕಡೆ ಕತ್ತರಿಸಿ ಹೋಗಲಿಕ್ಕೇ 1600 ಕೆ.ಜಿ. ಮೇಲೆ ಬೇಕು. ಆದರೆ ಆ ಬೋಲ್ಟ್ ಹಾಯ್ದು ಹೋಗುವ ಟ್ಯೂಬಿನ ಗೋಡೆ ಎಷ್ಟು ದಪ್ಪ? 1.25 ಮಿ.ಮೀ. ಇದ್ದರೆ, 6061 ಎಂಬ ಗಟ್ಟಿ ಜಾತಿಯ ಅಲ್ಯೂಮಿನಿಯಂ ಆದರೂ, ಎರಡೂ ಗೋಡೆ ಸೇರಿ ಸಾವಿರ ಕೆ.ಜಿ. ಹತ್ತಿರವೇ ಸೋಲುತ್ತದೆ. ತೂತು ಮೊದಲು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಆಮೇಲೆ ಬೋಲ್ಟ್ ಗೋಡೆಯನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಬೋಲ್ಟ್ ಮಾತ್ರ ಹೊಸದರ ಹಾಗೇ ಇರುತ್ತದೆ!

ಅದಕ್ಕೇ ತೂತು ಕೊರೆಯುವ ಯೋಚನೆ ಬಿಡಿ. ರೆಕ್ಕೆಯ ಬುಡದಲ್ಲಿ ನಾಲ್ಕಾರು ಟ್ಯೂಬುಗಳು ಬಂದು ಸೇರುವ ಗಂಟು ಇರುತ್ತದಲ್ಲ, ಹಾರುವಾಗ ಇಡೀ ಭಾರ ಹೊರುವುದು ಅದೇ. ಪ್ಯಾರಾಚೂಟನ್ನು ವಿಮಾನಕ್ಕೆ ಸೇರಿಸುವ ಪಟ್ಟಿ ಕೆವ್ಲಾರ್ ಎಂಬ ಗಟ್ಟಿ ನಾರಿನದು, ಅದನ್ನು ಆ ಗಂಟಿಗೇ ಸುತ್ತು ಹಾಕಿ ಕಟ್ಟಿ. ಪಟ್ಟಿ ಮುಟ್ಟುವ ಕಡೆಯೆಲ್ಲ ಬೆರಳು ಆಡಿಸಿ ನೋಡಿ. ಒಂದು ರಿವೆಟ್ ತಲೆ, ಟ್ಯೂಬುಗಳನ್ನು ಜೋಡಿಸುವ ಒಂದು ಗಸೆಟ್ ಪ್ಲೇಟಿನ ಅಂಚು ಚುಚ್ಚಿದರೂ ಅಲ್ಲಿ ದಪ್ಪ ತೋಳು ಹಾಕಬೇಕು. ಕೆವ್ಲಾರ್ ಎಳೆತಕ್ಕೆ ರಾಕ್ಷಸ, ಚೂಪು ಅಂಚಿಗೆ ಪಾಪದ್ದು. ಬಿಸಿಲಿಗೂ ಅಷ್ಟೇ, ಬಿಸಿಲು ತಿಂದರೆ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಪಟ್ಟಿಯನ್ನು ಬಟ್ಟೆಯ ಹೊದಿಕೆಯ ಕೆಳಗೆ ಓಡಿಸಿ, ಜಗ್ಗಿದಾಗ ಹರಿದು ಹೊರಬರುವಂತೆ ಒಂದು ಸೀಳು ಬಿಡುತ್ತಾರೆ.

ಪಟ್ಟಿಗಳ ಉದ್ದವೂ ಸುಮ್ನೆ ಅಲ್ಲ. ಮುಂದಿನ ಪಟ್ಟಿ, ಹಿಂದಿನ ಪಟ್ಟಿ ಎಷ್ಟು ಉದ್ದ ಅನ್ನುವುದರ ಮೇಲೆ ವಿಮಾನ ಹೇಗೆ ನೇತಾಡುತ್ತದೆ ಅನ್ನುವುದು ನಿಂತಿದೆ. ಮಟ್ಟವಾಗಿ, ಇಲ್ಲವೇ ಮೂಗು ಸ್ವಲ್ಪ ಕೆಳಗಾಗಿ ಇಳಿಯಬೇಕು. ಚಕ್ರ, ಮುಂದಿನ ಟ್ಯೂಬು ಮೊದಲು ಮುರಿದು ಪೆಟ್ಟು ನುಂಗಬೇಕು. ಬಾಲ ಮೊದಲು ಬಡಿದರೆ ಪೆಟ್ಟು ನಿಮ್ಮ ಬೆನ್ನುಮೂಳೆಗೆ.

ಇನ್ನು ಪ್ರೊಪೆಲ್ಲರ್. ಹಗುರ ವಿಮಾನಗಳಲ್ಲಿ ಎಂಜಿನ್ ಎಷ್ಟೋ ಸಲ ಪೈಲಟ್ಟಿನ ಹಿಂದಿರುತ್ತದೆ. ರಾಕೆಟ್ ಹಾರುವ ದಾರಿ, ಪಟ್ಟಿ ಬಿಗಿಯಾಗುವ ದಾರಿ, ಎರಡೂ ತಿರುಗುವ ಪ್ರೊಪೆಲ್ಲರನ್ನು ತಪ್ಪಿಸಬೇಕು. ಪೂರ್ತಿ ತಪ್ಪಿಸಲು ಆಗದ ಕಡೆ ಪಟ್ಟಿಯ ಆ ತುಂಡಿಗೆ ಉಕ್ಕಿನ ಕೇಬಲ್ ಹಾಕುತ್ತಾರೆ. ಪೆಟ್ರೋಲ್ ಟ್ಯಾಂಕ್ ಕಡೆ ರಾಕೆಟ್ಟಿನ ಬಾಯಿಯೂ ಇರಬಾರದು, ಬೆಂಕಿ ಉಗುಳುವ ಹಿಂಬದಿಯೂ ಇರಬಾರದು.

ನೋಡಿ, ಇಷ್ಟೆಲ್ಲ ವಿಮಾನ ಮುಗಿದ ಮೇಲೆ ಹೊಂದಿಸಲು ಹೋದರೆ ಡಬ್ಬಕ್ಕೆ ಸಿಗುವ ಜಾಗ ಎಲ್ಲೋ ಬಾಲದ ಕಡೆ. ಆಗ ತೂಕದ ಕೇಂದ್ರ ಕೆಡುತ್ತದೆ. ಪೈಲಟ್ ಸೇರಿ 250 ಕೆ.ಜಿ. ವಿಮಾನಕ್ಕೆ 10 ಕೆ.ಜಿ. ಡಬ್ಬವನ್ನು ತೂಕದ ಕೇಂದ್ರದಿಂದ 90 ಸೆಂ.ಮೀ. ಹಿಂದೆ ಇಟ್ಟಿರಿ ಅಂತಿಟ್ಟುಕೊಳ್ಳಿ. 10 ಗುಣಿಸು 90, ಭಾಗಿಸು 260. ಕೇಂದ್ರ ಸುಮಾರು ಮೂರೂವರೆ ಸೆಂ.ಮೀ. ಹಿಂದೆ ಹೋಯಿತು. ಮೂರೂವರೆ ಸೆಂಟಿಮೀಟರ್ ಯಾವ ಲೆಕ್ಕ ಅನ್ನಬೇಡಿ. ಮೊದಲೇ ಹಿಂಭಾರ ಇದ್ದ ವಿಮಾನ ಇಷ್ಟರಲ್ಲೇ ಮಿತಿ ದಾಟಬಹುದು. ಹಿಂಭಾರದ ವಿಮಾನ ಸ್ಪಿನ್ನಿಗೆ ಬಿದ್ದರೆ, ಅಂದರೆ ಗಿರಗಿರ ಸುತ್ತುತ್ತಾ ಬೀಳತೊಡಗಿದರೆ, ಹೊರಬರುವುದು ಕಷ್ಟ. ಅಂದರೆ ಪ್ಯಾರಾಚೂಟ್ ಬೇಕಾಗುವ ಪರಿಸ್ಥಿತಿಯನ್ನು ಪ್ಯಾರಾಚೂಟೇ ತಂದುಕೊಟ್ಟ ಹಾಗಾಯಿತು, ಅಲ್ವಾ? ಅದಕ್ಕೇ ಮೊದಲ ನಕ್ಷೆಯಲ್ಲೇ ಅದಕ್ಕೆ ಜಾಗ ಗುರುತಿಸಿ ಅನ್ನುವುದು. ಕಟ್ಟಿ ಮುಗಿಸಿದವರು ಮೂರೂ ಚಕ್ರದ ಕೆಳಗೆ ತಕ್ಕಡಿ ಇಟ್ಟು ಮತ್ತೆ ತೂಗಿ.

ನಮ್ಮ ಕರಾವಳಿಗೆ ಇನ್ನೊಂದು ಕಾಟ ಇದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಮೇಲಿಂದ ಉಪ್ಪುಗಾಳಿ. ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ಇದು. ಮಡಚಿ ಒತ್ತಿಟ್ಟ ನೈಲಾನ್ ಒದ್ದೆಯಾದರೆ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಇಲ್ಲಿಗೆ ಬಟ್ಟೆಚೀಲದ ಮಾದರಿಗಿಂತ ಮುಚ್ಚಿದ ಡಬ್ಬದ್ದು ಒಳ್ಳೆಯದು, ಸ್ವಲ್ಪ ತೂಕ ಜಾಸ್ತಿಯಾದರೂ. ಹಾರಾಟ ಇಲ್ಲದ ತಿಂಗಳುಗಳಲ್ಲಿ ಡಬ್ಬವನ್ನು ಹಾಗೇ ವಿಮಾನದಿಂದ ಕಳಚಿ ಒಣ ಕೋಣೆಯಲ್ಲಿಡಿ. ಹಿಡಿಯಿಂದ ಹೋಗುವ ಕೇಬಲ್ಲಿಗೆ ತುಕ್ಕು ಹಿಡಿದಿದೆಯಾ ನೋಡುತ್ತಿರಿ. ಒಳಗಿನ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಲು ಹೆಚ್ಚಿನ ತಯಾರಕರು ಕೊಡುವ ಅವಧಿ 6 ವರ್ಷದ ಹತ್ತಿರ. ಅದನ್ನು ಮನೆಯಲ್ಲಿ ಮಾಡುವ ಸಾಹಸ ಬೇಡ.

ಯಾವಾಗ ಎಳೆಯಬೇಕು? ರೆಕ್ಕೆ ಮುರಿದರೆ, ಇನ್ನೊಂದು ವಿಮಾನಕ್ಕೆ ತಾಗಿದರೆ, ನಿಯಂತ್ರಣ ಕೈಗೆ ಸಿಗದಿದ್ದರೆ ಯೋಚನೆ ಬೇಡ, ಎಳೆಯಿರಿ. ತೀರಾ ಕೆಳಗಿದ್ದೇವೆ, ಇನ್ನು ತೆರೆಯಲಿಕ್ಕಿಲ್ಲ ಅಂತ ಕೈಕಟ್ಟಿ ಕೂರಬೇಡಿ. ಅರ್ಧ ತೆರೆದದ್ದೂ ಏನೂ ಇಲ್ಲದ್ದಕ್ಕಿಂತ ವಾಸಿ. ಬರೀ ಎಂಜಿನ್ ನಿಂತರೆ ಮಾತು ಬೇರೆ. ಕೆಳಗೆ ಉದ್ದನೆಯ ಮರಳ ದಂಡೆ ಇದ್ದರೆ ತೇಲಿಕೊಂಡು ಬಂದು ಇಳಿಸಿ. ಕೆಳಗೆ ದೇವಿಮನೆ ಘಟ್ಟದ ಕಾಡಿದ್ದರೆ ಇಳಿಸುವುದೆಲ್ಲಿ? ಅಲ್ಲಿ ಪ್ಯಾರಾಚೂಟೇ ಗತಿ.

ಗಾಳಿಯನ್ನೂ ಲೆಕ್ಕಕ್ಕೆ ತಗೊಳ್ಳಿ. 300 ಮೀಟರ್ ಎತ್ತರದಲ್ಲಿ ತೆರೆದರೆ ಇಳಿಯಲು 43 ಸೆಕೆಂಡ್. ಗಾಳಿ ಸೆಕೆಂಡಿಗೆ 6 ಮೀಟರ್ ಇದ್ದರೆ ಅಷ್ಟರಲ್ಲಿ 250 ಮೀಟರ್ ಆಚೆ ಹೋಗಿರುತ್ತೀರಿ. ಮಧ್ಯಾಹ್ನದ ಕಡಲಗಾಳಿ ನಿಮ್ಮನ್ನು ದಡಕ್ಕೆ ತರುತ್ತದೆ. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ನಾವು ಹಾರಲು ಇಷ್ಟಪಡುವುದು ಬೆಳಿಗ್ಗೆಯೇ! 2020ರಲ್ಲಿ ಇದೇ ಕಾರವಾರ ತೀರದಲ್ಲಿ ಪ್ಯಾರಾಮೋಟರ್, ಅಂದರೆ ಎಂಜಿನ್ ಇರುವ ಪ್ಯಾರಾಗ್ಲೈಡರ್, ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ನೀರಿನಲ್ಲಿ ದಾರ, ಬಟ್ಟೆ ಎರಡೂ ಶತ್ರುಗಳು. ಲೈಫ್ ಜಾಕೆಟ್ ಮೊದಲೇ ಹಾಕಿಕೊಂಡಿರಿ. ಗಾಳಿ ತುಂಬುವ ಜಾತಿಯದ್ದಾದರೆ ಹೊರಗೆ ಬಂದ ಮೇಲೆಯೇ ತುಂಬಿಸಿ. ನೀರು ಮುಟ್ಟಿದ ಕೂಡಲೇ ಬೆಲ್ಟ್ ಬಿಚ್ಚಿ, ಬಟ್ಟೆ ಬಿದ್ದ ದಿಕ್ಕಿಗೆ ವಿರುದ್ಧವಾಗಿ ಈಜಿ.

ಶಿರಸಿ ಕಡೆ ಅಡಿಕೆ ತೋಟಕ್ಕೆ ಬಿದ್ದರೆ ಇದರ ತದ್ವಿರುದ್ಧ. ಬೆಲ್ಟ್ ಬಿಚ್ಚಲೇಬೇಡಿ. ಐವತ್ತು ಅಡಿ ಮೇಲೆ ಬಟ್ಟೆ ಮರಕ್ಕೆ ಸಿಕ್ಕಿಕೊಂಡಿರುತ್ತದೆ. ಎಷ್ಟು ಗಟ್ಟಿಯಾಗಿ ಅಂತ ನಿಮಗೆ ಗೊತ್ತಿಲ್ಲ. ಅಲ್ಲಾಡದೆ ಕೂತು ಕೂಗಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಮರದಿಂದ ಮರಕ್ಕೆ ದಾಟಿ ಬಂದು ಹಗ್ಗ ಕಟ್ಟುತ್ತಾರೆ. ಈ ಕೆಲಸದಲ್ಲಿ ಅವರನ್ನು ಮೀರಿಸುವ ಪಡೆ ಯಾವುದೂ ಇಲ್ಲ ಮಾರಾಯ್ರೆ. ತೋಟದ ಯಜಮಾನರಿಗೆ ಏನು ಹೇಳುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು.

ಅಭ್ಯಾಸವನ್ನು ನೆಲದ ಮೇಲೇ ಮಾಡಬೇಕು. ಹಿಡಿ ತಪ್ಪಿ ಎಳೆದುಹೋಗದಂತೆ ತಡೆಯುವ ಪಿನ್ ಹಾಕಿದೆಯಾ ನೋಡಿ, ಬೆಲ್ಟ್ ಬಿಗಿದು ಕೂತುಕೊಳ್ಳಿ, ಕಣ್ಣು ಮುಚ್ಚಿ. ಎಂಜಿನ್ ಸ್ವಿಚ್ ಬಂದ್, ಹಿಡಿಗೆ ಕೈ. ಎರಡು ಕೈಯಿಂದಲೂ ಬೇರೆ ಬೇರೆಯಾಗಿ ಮುಟ್ಟಿ ನೋಡಿ. ಎಳೆಯಬೇಡಿ, ಮುಟ್ಟಿ ಸಾಕು. ಎಂಜಿನ್ ಮೊದಲು ಯಾಕೆ ಅಂದರೆ, ತಿರುಗುವ ಪ್ರೊಪೆಲ್ಲರ್ ದಾರಗಳನ್ನು ಸುತ್ತಿಕೊಳ್ಳುತ್ತದೆ. ನಿಜವಾದ ಹೊತ್ತಿನಲ್ಲಿ ಮೆಲ್ಲಗೆ ಎಳೆದರೆ ಆಗುವುದಿಲ್ಲ. ಮೊದಲು ಸಡಿಲ ಬರುತ್ತದೆ, ಆಮೇಲೆ ಬಿಗಿ. ಆ ಬಿಗಿಯನ್ನೂ ದಾಟಿ ಜೋರಾಗಿ ಎಳೆಯಬೇಕು.

ಅನುಮತಿ ಬಗ್ಗೆ ಎರಡೇ ಮಾತು. ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಇಲ್ಲದೆ ವಿಮಾನ ಹಾರಿಸುವಂತಿಲ್ಲ, ಅದು ಮನೆಯಲ್ಲಿ ಕಟ್ಟಿದ್ದಾದರೂ. ಒಂದು ಕಡೆ ಅರ್ಗಾದ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ. ಇಲ್ಲಿ ಕಟ್ಟಿದರೂ ಹಾರಿಸಲು ಬೇರೆ ಕಡೆ ಒಯ್ಯಬೇಕಾದೀತು. ರಾಕೆಟ್ ಸ್ಫೋಟಕದ ಲೆಕ್ಕಕ್ಕೆ ಬರುತ್ತದೆ, ಮಾಮೂಲಿ ಕೊರಿಯರ್‌ನಲ್ಲಿ ಮನೆ ಬಾಗಿಲಿಗೆ ಬರುವುದಿಲ್ಲ. ತರಿಸುವ ಕಾಗದಪತ್ರದ ಕೆಲಸವನ್ನು ಟ್ಯೂಬು ಕೊಯ್ಯುವ ಮೊದಲೇ ಶುರು ಮಾಡಿ.

ಕೊನೆಯ ವಿಷಯ ಪೈಲಟ್ಟಿಗೆ ಸೇರಿದ್ದಲ್ಲ. ಪ್ಯಾರಾಚೂಟ್ ಎಳೆಯದೆಯೇ ವಿಮಾನ ಬಿದ್ದಿದೆ ಅಂದುಕೊಳ್ಳಿ. ಮೊದಲು ಓಡಿ ಬರುವವರು ಊರಿನವರು, ಆಮೇಲೆ ಅಗ್ನಿಶಾಮಕದವರು. ಮುರಿದ ಚೌಕಟ್ಟಿನಲ್ಲಿ ಕೇಬಲ್ ಬಿಗಿದು ನಿಂತಿರಬಹುದು, ಒಂದು ಟ್ಯೂಬ್ ಸರಿಸಿದರೆ ರಾಕೆಟ್ ಹಾರಬಹುದು. ಎಚ್ಚರಿಕೆಯ ಸ್ಟಿಕ್ಕರ್ ಡಬ್ಬದ ಜೊತೆ ಬರುತ್ತದೆ, ಇಂಗ್ಲಿಷಿನಲ್ಲಿ. ಅದರ ಪಕ್ಕ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ: ‘ಒಳಗೆ ರಾಕೆಟ್ ಇದೆ. ಈ ಬದಿ ನಿಲ್ಲಬೇಡಿ. ಕೇಬಲ್ ಮುಟ್ಟಬೇಡಿ.’ ಹಾರುವ ಮೊದಲು ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ, ಡಬ್ಬ ಎಲ್ಲಿದೆ, ಯಾವ ಕಡೆ ಹಾರುತ್ತದೆ, ಪಿನ್ ಎಲ್ಲಿ ಹಾಕಬೇಕು ಅನ್ನುವ ಒಂದು ಹಾಳೆಯ ಚಿತ್ರ ಕೊಟ್ಟು ಬನ್ನಿ. ಅಂಥ ಒಂದು ಚಿತ್ರದ ಪ್ರತಿಗಳನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ, ಹೋಗುವಾಗ ತಗೊಂಡು ಹೋಗಿ. ಈಗ ನಿಮ್ಮ ಪ್ರಶ್ನೆ ಕೇಳಬಹುದು.